ಮೌಂಟನ್ ಬೈಕ್‌ಗೆ ಹೊಸ ಫೋರ್ಕ್: ಕೊಳ್ಳುವ ಮುನ್ನ ಅಳೆಯಿರಿ

ಕಲ್ಲುಮುಳ್ಳಿನ ಹಾದಿಯಲ್ಲಿ ಸವಾರನ ಕೈಗಳಿಗೆ ತಾಗಬೇಕಾದ ಪೆಟ್ಟನ್ನು ಮೊದಲು ಹೀರಿಕೊಳ್ಳುವುದು ಮೌಂಟನ್ ಬೈಕಿನ ಮುಂಭಾಗದ ಸಸ್ಪೆನ್ಷನ್ ಫೋರ್ಕ್. ಮುಂದಿನ ಗಾಲಿಯನ್ನು ಹಿಡಿದಿಡುವ ಈ ಭಾಗ ಬಾಗಿದರೆ ಅಥವಾ ಬಿರುಕು ಬಿಟ್ಟರೆ ಬದಲಿಸದೆ ಗತ್ಯಂತರವಿಲ್ಲ. ಆದರೆ ಬೆಲೆ ಮತ್ತು ಹೆಸರನ್ನಷ್ಟೇ ನೋಡಿ ಕೊಂಡ ಫೋರ್ಕ್ ಸೈಕಲ್ಲಿಗೆ ಕೂರದೇ ಹೋಗಬಹುದು; ಕೂತರೂ ಸವಾರನಿಗೆ ಅಪಾಯ ತರಬಹುದು. ಆಯ್ಕೆಯ ಮೊದಲ ಮಾತು ಸೈಕಲ್ಲಿನ ಫ್ರೇಮಿನದೇ ಆಗಿರಬೇಕು.

1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಬೆಟ್ಟಗಳಲ್ಲಿ ರೂಪುಗೊಂಡ ಮೌಂಟನ್ ಬೈಕ್‌ಗಳಿಗೆ ಸಸ್ಪೆನ್ಷನ್ ಇರಲಿಲ್ಲ. ಪಾಲ್ ಟರ್ನರ್ 1989ರಲ್ಲಿ ಆರಂಭಿಸಿದ ರಾಕ್‌ಶಾಕ್ಸ್ ಕಂಪನಿಯ ಆರ್‌ಎಸ್-1 ಫೋರ್ಕ್ ಈ ಕ್ಷೇತ್ರಕ್ಕೆ ಹೊಸ ದಾರಿ ತೋರಿತು. ಅದು ಕುಗ್ಗುತ್ತಿದ್ದುದು ಸುಮಾರು 50 ಮಿ.ಮೀ. ಮಾತ್ರ. ಇಂದು 100ರಿಂದ 200 ಮಿ.ಮೀ.ವರೆಗೆ ಕುಗ್ಗುವ ಫೋರ್ಕ್‌ಗಳಿವೆ. ಇದರೊಂದಿಗೆ ಅಳತೆಗಳೂ ಹಲವಾಗಿರುವುದರಿಂದ ಕೊಳ್ಳುವವರ ಗೊಂದಲ ಹೆಚ್ಚಿದೆ.

ಸ್ಟೀರರ್ ಕೊಳವೆ:
ಫ್ರೇಮಿನ ಹೆಡ್ ಟ್ಯೂಬ್ ಒಳಗೆ ಹಾದು ಹ್ಯಾಂಡಲ್ ತಲುಪುವ ಫೋರ್ಕಿನ ಕೊಳವೆಯೇ ಸ್ಟೀರರ್. ಹಳೆಯ ಸೈಕಲ್ಲುಗಳಲ್ಲಿ ಇದು ಮೇಲಿಂದ ಕೆಳಗಿನವರೆಗೆ ಒಂದೇ ದಪ್ಪ, ಅಂದರೆ 28.6 ಮಿ.ಮೀ. ಇರುತ್ತದೆ. ಇಂದಿನ ಉತ್ತಮ ದರ್ಜೆಯ ಫೋರ್ಕ್‌ಗಳಲ್ಲಿ ಬಹುಪಾಲು ಟೇಪರ್ಡ್ ಮಾದರಿಯವು. ಇವು ಬುಡದಲ್ಲಿ ಒಂದೂವರೆ ಇಂಚು ದಪ್ಪವಾಗಿರುತ್ತವೆ. ಒಳವ್ಯಾಸ 34 ಮಿ.ಮೀ. ಇರುವ ಹಳೆಯ ಹೆಡ್ ಟ್ಯೂಬಿಗೆ ಟೇಪರ್ಡ್ ಫೋರ್ಕ್ ಕೂರುವುದಿಲ್ಲ. ಒಳವ್ಯಾಸ 44 ಮಿ.ಮೀ. ಇದ್ದರೆ ಕೆಳಗೆ ಹೊರಬಟ್ಟಲಿನ ಬೇರಿಂಗ್ ಅಳವಡಿಸಿ ಕೂರಿಸಬಹುದು. ನೇರ ಸ್ಟೀರರನ್ನು ಟೇಪರ್ಡ್ ಫ್ರೇಮಿಗೆ ಸೂಕ್ತ ಅಡಾಪ್ಟರ್ ಮೂಲಕ ಜೋಡಿಸಲು ಸಾಧ್ಯ.

ಬಳಸಿದ ಫೋರ್ಕ್ ಕೊಳ್ಳುವವರು ಸ್ಟೀರರಿನ ಉದ್ದವನ್ನೂ ಅಳೆಯಬೇಕು. ಹಿಂದಿನ ಒಡೆಯ ತನ್ನ ಫ್ರೇಮಿಗೆ ತಕ್ಕಂತೆ ಕತ್ತರಿಸಿದ ಕೊಳವೆಯನ್ನು ಮತ್ತೆ ಉದ್ದ ಮಾಡಲಾಗದು.

ಗಾಲಿ, ಆಕ್ಸಲ್ ಮತ್ತು ಬ್ರೇಕ್:
26, 27.5 ಮತ್ತು 29 ಇಂಚಿನ ಗಾಲಿಗಳಿಗೆ ಬೇರೆ ಬೇರೆ ಫೋರ್ಕ್‌ಗಳಿವೆ. ಚಿಕ್ಕ ಗಾಲಿಯ ಫೋರ್ಕಿಗೆ ದೊಡ್ಡ ಗಾಲಿ ತೂರಿಸಿದರೆ, ಫೋರ್ಕ್ ಪೂರ್ತಿ ಕುಗ್ಗಿದ ಕ್ಷಣದಲ್ಲಿ ಟೈರ್ ಮೇಲಿನ ಅಡ್ಡಭಾಗಕ್ಕೆ ತಾಗಿ ಗಾಲಿ ಥಟ್ಟನೆ ನಿಲ್ಲಬಹುದು. ಸವಾರ ಹ್ಯಾಂಡಲ್ ಮೇಲಿಂದ ಮುಂದಕ್ಕೆ ಎಸೆಯಲ್ಪಡುವ ಅಪಾಯ ಇದರಲ್ಲಿದೆ.

ಹಳೆಯ ಹಬ್‌ಗಳಲ್ಲಿ 9 ಮಿ.ಮೀ. ಕ್ವಿಕ್ ರಿಲೀಸ್ ಸಾಮಾನ್ಯ. ಹೊಸ ಫೋರ್ಕ್‌ಗಳಲ್ಲಿ ಹೆಚ್ಚಿನವು 15 ಮಿ.ಮೀ. ಆಕ್ಸಲ್ ಬೇಡುತ್ತವೆ. ಅವುಗಳ ಹಬ್ ಅಗಲ 100 ಅಥವಾ 110 ಮಿ.ಮೀ. ಇರುತ್ತದೆ. ಕೆಲವು ಹಬ್‌ಗಳ ತುದಿಯ ಕ್ಯಾಪ್ ಬದಲಿಸಿದರೆ ಸಾಕು. ಉಳಿದವಕ್ಕೆ ಹೊಸ ಗಾಲಿಯ ಖರ್ಚನ್ನೂ ಲೆಕ್ಕಕ್ಕೆ ಸೇರಿಸಬೇಕು. ರಿಮ್ ಬ್ರೇಕ್ ಇರುವ ಸೈಕಲ್ಲಿಗೆ ಬ್ರೇಕ್ ಕೂರಿಸುವ ಗೂಟಗಳಿರುವ ಫೋರ್ಕೇ ಬೇಕು. ಡಿಸ್ಕ್ ಬ್ರೇಕಿಗಾಗಿಯೇ ತಯಾರಾದ ಫೋರ್ಕ್‌ಗಳಲ್ಲಿ ಅವು ಇರುವುದಿಲ್ಲ.

ಟ್ರಾವೆಲ್ ಎಷ್ಟಿರಬೇಕು?
ಫೋರ್ಕ್ ಕುಗ್ಗುವ ದೂರಕ್ಕೆ ಟ್ರಾವೆಲ್ ಎಂದು ಹೆಸರು. ಇದು ಹೆಚ್ಚಿದಷ್ಟೂ ಒಳ್ಳೆಯದೆಂಬುದು ತಪ್ಪು ಕಲ್ಪನೆ. 100 ಮಿ.ಮೀ. ಫೋರ್ಕಿನ ಬದಲು 20 ಮಿ.ಮೀ. ಉದ್ದದ ಫೋರ್ಕ್ ಹಾಕಿದರೆ ಸೈಕಲ್ಲಿನ ಮುಂಭಾಗ ಮೇಲೇಳುತ್ತದೆ. ಹೆಡ್ ಟ್ಯೂಬಿನ ಕೋನ ಸುಮಾರು ಒಂದು ಡಿಗ್ರಿ ಇಳಿಯುತ್ತದೆ. ಇಳಿಜಾರಿನಲ್ಲಿ ಸ್ಥಿರತೆ ಹೆಚ್ಚಿದರೂ ಏರುದಾರಿಯಲ್ಲಿ ಮುಂದಿನ ಗಾಲಿ ಅತ್ತಿತ್ತ ಅಲೆಯತೊಡಗುತ್ತದೆ. ಇನ್ನೂ ಉದ್ದವಾದರೆ ಹೆಡ್ ಟ್ಯೂಬಿನ ಬೆಸುಗೆಯ ಮೇಲೆ ಒತ್ತಡ ಬಿದ್ದು ಫ್ರೇಮ್ ಬಿರುಕು ಬಿಡಬಹುದು. ಫ್ರೇಮ್ ತಯಾರಕರು ಹೇಳಿದ ಮಿತಿಯನ್ನು ಮೀರದಿರುವುದೇ ಕ್ಷೇಮ. ಒಂದೇ ಟ್ರಾವೆಲ್ ಇರುವ ಎರಡು ಫೋರ್ಕ್‌ಗಳ ಒಟ್ಟು ಉದ್ದ ಬೇರೆಯಾಗಿರಬಹುದಾದ್ದರಿಂದ ಆಕ್ಸಲ್ಲಿನಿಂದ ಮೇಲಿನ ಅಡ್ಡಭಾಗದವರೆಗಿನ ಅಳತೆಯನ್ನೂ ಹೋಲಿಸಬೇಕು.

ಗಾಳಿಯೋ, ಸುರುಳಿಯೋ?
ಸುರುಳಿ ಸ್ಪ್ರಿಂಗಿನ ಫೋರ್ಕ್ ತೂಕ ಹೆಚ್ಚು, ನಿರ್ವಹಣೆ ಸರಳ. ಆದರೆ ಸವಾರನ ತೂಕಕ್ಕೆ ಹೊಂದದಿದ್ದರೆ ಸ್ಪ್ರಿಂಗನ್ನೇ ಬದಲಿಸಬೇಕಾಗುತ್ತದೆ. ಗಾಳಿಯ ಫೋರ್ಕ್ ಹಗುರ. ವಿಶೇಷ ಪಂಪಿನಿಂದ ಒತ್ತಡ ಹೊಂದಿಸಿಕೊಳ್ಳಬಹುದು. ಸವಾರ ಕುಳಿತಾಗ ಒಟ್ಟು ಟ್ರಾವೆಲಿನ ಶೇ 15ರಿಂದ 25ರಷ್ಟು ಕುಗ್ಗುವುದು ಸಾಮಾನ್ಯ ಬಳಕೆಗೆ ಸೂಕ್ತ. 120 ಮಿ.ಮೀ. ಫೋರ್ಕಿನಲ್ಲಿ ಶೇ 20 ಎಂದರೆ 24 ಮಿ.ಮೀ.

ಬದಲಾವಣೆ ಅಗತ್ಯವೇ?
ಬಿಗಿಯಾದ, ಎಣ್ಣೆ ಜಿನುಗುವ ಫೋರ್ಕ್‌ಗಳೆಲ್ಲ ಕೆಟ್ಟವಲ್ಲ. ಸೀಲು ಮತ್ತು ಎಣ್ಣೆ ಬದಲಿಸಿದರೆ ಅನೇಕವು ಮತ್ತೆ ಚೇತರಿಸಿಕೊಳ್ಳುತ್ತವೆ. ಒಳಗೆ ಜಾರುವ ಹೊಳಪಿನ ಕೊಳವೆಗಳ ಲೇಪನ ಆಳವಾಗಿ ಸವೆದಿದ್ದರೆ ಹೊಸ ಫೋರ್ಕ್ ಲೇಸು. ಬಿರುಕು ಕಂಡಿದ್ದರೆ ಅಂದೇ ಸವಾರಿ ನಿಲ್ಲಿಸುವುದು ವಿವೇಕ.