ಒಂದು ಚಾಕುವಿನ ಗಾಯ

ಆಸ್ಪತ್ರೆಗೆ ಹೋದವರು ಅಲ್ಲಿಂದ ಹೊಸದೊಂದು ಕಾಯಿಲೆ ಅಂಟಿಸಿಕೊಂಡು ಬಂದ ಕಥೆ ನಮ್ಮಲ್ಲಿ ಮನೆಗೊಂದಿದೆ. ಹಣೆಬರಹ, ತಖ್ದೀರ್ ಎಂದು ನಾವು ಸುಮ್ಮನಾಗುತ್ತೇವೆ. ಹಾಗೆ ಸುಮ್ಮನಿರಲಾಗದ ಒಬ್ಬ ವೈದ್ಯ ಹತ್ತೊಂಬತ್ತನೆಯ ಶತಮಾನದಲ್ಲಿ ವಿಯೆನ್ನಾ ನಗರದಲ್ಲಿದ್ದ. ಹಂಗೇರಿಯಿಂದ ಬಂದ ಆತನ ಹೆಸರು ಇಗ್ನಾಜ್ ಸೆಮ್ಮೆಲ್‌ವೈಸ್.

ವಿಯೆನ್ನಾದ ದೊಡ್ಡಾಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಮೊದಲನೆಯದರಲ್ಲಿ ವೈದ್ಯ ವಿದ್ಯಾರ್ಥಿಗಳು, ಎರಡನೆಯದರಲ್ಲಿ ಕೆಲಸ ಕಲಿಯುವ ಸೂಲಗಿತ್ತಿಯರು. 1846ರಲ್ಲಿ ಮೊದಲ ವಿಭಾಗದ 4,010 ಹೆರಿಗೆಗಳಲ್ಲಿ 459 ತಾಯಂದಿರು ಸತ್ತರು. ಎರಡನೆಯದರಲ್ಲಿ 3,754ಕ್ಕೆ 105. ಮುಖ್ಯ ಕಾರಣ ಬಾಣಂತಿ ನಂಜು. ಬಡ ಹೆಂಗಸರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು. ಮೊದಲ ವಿಭಾಗಕ್ಕೆ ಮಾತ್ರ ಹಾಕಬೇಡಿ ಎಂದು ಮೊಣಕಾಲೂರಿ ಬೇಡುತ್ತಿದ್ದರು. ಆಸ್ಪತ್ರೆಯ ದಾರಿಯಲ್ಲಿ, ಬೀದಿಯಲ್ಲೇ ಹೆತ್ತವರಿಗೂ ನಂಜು ತಗಲುವುದು ಅಪರೂಪವಾಗಿತ್ತು! ದೊಡ್ಡ ಡಾಕ್ಟರುಗಳು ಮಾತ್ರ ಕೆಟ್ಟ ಗಾಳಿಯನ್ನು ದೂರುತ್ತಿದ್ದರು. ಅಕ್ಕಪಕ್ಕದ ಎರಡು ವಿಭಾಗಗಳಿಗೆ ಬೇರೆ ಬೇರೆ ಗಾಳಿ ಬೀಸುವುದು ಹೇಗೆ?

ಉತ್ತರ ಸಿಕ್ಕಿದ್ದು ಒಂದು ಸಾವಿನಿಂದ. 1847ರ ಮಾರ್ಚ್‌ನಲ್ಲಿ ಸೆಮ್ಮೆಲ್‌ವೈಸ್‌ನ ಗೆಳೆಯ ಪ್ರೊಫೆಸರ್ ಕೊಲ್ಲೆಟ್ಷ್ಕಾ ಹೆಣ ಕೊಯ್ಯುವುದನ್ನು ಕಲಿಸುತ್ತಿದ್ದಾಗ ವಿದ್ಯಾರ್ಥಿಯೊಬ್ಬನ ಚಾಕು ಬೆರಳಿಗೆ ತಾಗಿತು. ಅದೇ ಗಾಯ ನಂಜಾಗಿ ಆತ ತೀರಿಕೊಂಡ. ಆತನ ಶವಪರೀಕ್ಷೆಯ ವರದಿ ಓದಿದ ಸೆಮ್ಮೆಲ್‌ವೈಸ್ ಬೆಚ್ಚಿಬಿದ್ದ. ಸತ್ತ ಬಾಣಂತಿಯರ ಮೈಯೊಳಗೆ ಕಂಡದ್ದೇ ಇಲ್ಲೂ ಇತ್ತು. ಹಾಗಾದರೆ ಹೆಣದ ಕೋಣೆಯಿಂದ ನೇರವಾಗಿ ಹೆರಿಗೆ ಕೋಣೆಗೆ ಬರುತ್ತಿದ್ದ ವೈದ್ಯರ ಕೈಗಳೇ ನಂಜನ್ನು ಹೊತ್ತು ತರುತ್ತಿದ್ದವು.

ಅವರು ಕೈ ತೊಳೆಯುತ್ತಿರಲಿಲ್ಲ ಎಂದಲ್ಲ. ಸಾಬೂನು ಹಾಕಿ ತೊಳೆದರೂ ಹೆಣದ ವಾಸನೆ ಉಳಿಯುತ್ತಿತ್ತು. ದಿನಕ್ಕೆ ಐದು ಸಲ ವುಝೂ ಮಾಡುವ ನಮಗೆ ಈ ಪಾಠ ಬೇಕಿಲ್ಲ ಎನ್ನುವ ನಮ್ಮ ಭಾಷಣಕಾರರು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಮೇ ತಿಂಗಳಿನಿಂದ ಸೆಮ್ಮೆಲ್‌ವೈಸ್ ಕ್ಲೋರಿನ್ ನೀರಿನಲ್ಲಿ, ಮುಂದೆ ಬ್ಲೀಚಿಂಗ್ ಪೌಡರ್ ಕಲಸಿದ ನೀರಿನಲ್ಲಿ ಕೈ ತೊಳೆಯುವುದನ್ನು ಕಡ್ಡಾಯ ಮಾಡಿದ. ಏಪ್ರಿಲ್‌ನಲ್ಲಿ ನೂರಕ್ಕೆ 18 ಇದ್ದ ಸಾವು ಜೂನ್‌ನಲ್ಲಿ ಎರಡರ ಆಸುಪಾಸಿಗೆ ಇಳಿಯಿತು. ಅಕ್ಟೋಬರ್‌ನಲ್ಲಿ ಇನ್ನೊಂದು ಪೆಟ್ಟು. ಗರ್ಭಕೋಶದ ಕ್ಯಾನ್ಸರಿನಿಂದ ಕೀವು ಸೋರುತ್ತಿದ್ದ ಹೆಂಗಸನ್ನು ಮೊದಲು ಮುಟ್ಟಿ, ಬಳಿಕ ಅದೇ ಸಾಲಿನ ಇತರರನ್ನು ಪರೀಕ್ಷಿಸಿದಾಗ 12 ಮಂದಿಯಲ್ಲಿ 11 ಮಂದಿ ಸತ್ತರು. ಹೆಣವಷ್ಟೇ ಅಲ್ಲ, ಬದುಕಿರುವ ರೋಗಿಯಿಂದಲೂ ನಂಜು ಹರಡುತ್ತದೆ ಎಂದು ಆಗ ತಿಳಿಯಿತು. ಅಲ್ಲಿಂದ ಒಬ್ಬರನ್ನು ಮುಟ್ಟಿ ಇನ್ನೊಬ್ಬರನ್ನು ಮುಟ್ಟುವ ಮೊದಲು ಕೈ ತೊಳೆಯಬೇಕಾಯಿತು.

ಇಷ್ಟಾದರೂ ಬಹುಪಾಲು ವೈದ್ಯರು ಒಪ್ಪಲಿಲ್ಲ. ಒಪ್ಪಿದರೆ ತಾವೇ ಕೊಂದೆವು ಎಂದಾಗುತ್ತಿತ್ತು. ಒಪ್ಪಿದವರಲ್ಲಿ ಒಬ್ಬ ಕೀಲ್ ನಗರದ ಮಿಖಾಯೆಲಿಸ್. ತನ್ನದೇ ಬಂಧು ಹೆಣ್ಣುಮಗಳೊಬ್ಬಳು ತನ್ನ ಕೈಯಿಂದಲೇ ಸತ್ತಳೆಂಬ ಕೊರಗಿನಲ್ಲಿ ಆತ 1848ರಲ್ಲಿ ರೈಲಿಗೆ ತಲೆಕೊಟ್ಟ.

ಕೊಲ್ಲೆಟ್ಷ್ಕಾ ರೋಗಿಯಾಗಿರಲಿಲ್ಲ, ಆಸ್ಪತ್ರೆಯ ಕೆಲಸಗಾರನಾಗಿದ್ದ ಎಂಬುದನ್ನು ನಾವು ಮರೆಯುತ್ತೇವೆ. ಕಸದ ಬಕೆಟ್ಟಿಗೆ ಕೈಹಾಕಿ ಸೂಜಿ ಚುಚ್ಚಿಸಿಕೊಳ್ಳುವ ಆಯಾಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿದ್ದೀರಾ ಎಂದು ನಮ್ಮೂರಿನ ಎಷ್ಟು ನರ್ಸಿಂಗ್ ಹೋಮ್‌ಗಳಲ್ಲಿ ನಾವು ಕೇಳಿದ್ದೇವೆ?

ಸೆಮ್ಮೆಲ್‌ವೈಸ್ 1861ರಲ್ಲಿ ತನ್ನ ಪುಸ್ತಕ ಪ್ರಕಟಿಸಿದ. ಆಮೇಲೆ ಎದುರಾಳಿಗಳನ್ನು ಕೊಲೆಗಡುಕರೆಂದು ಕರೆದು ಬಹಿರಂಗ ಪತ್ರಗಳನ್ನು ಬರೆದ. 1865ರಲ್ಲಿ ಆತನನ್ನು ಹುಚ್ಚಾಸ್ಪತ್ರೆಗೆ ಸೇರಿಸಿದರು. ಎರಡೇ ವಾರಗಳಲ್ಲಿ, ಆಗಸ್ಟ್ 13ರಂದು, ನಂಜಾದ ಗಾಯದಿಂದ ಆತ ಸತ್ತ. ಆಗ ಆತನಿಗೆ 47 ವರ್ಷ.