ಏಪ್ರಿಲ್ 14ರ ಅರವತ್ತಾರು ಮಂದಿ: ಮುಂಬಯಿ ಬಂದರಿನ ಬೆಂಕಿಯೂ ನಮ್ಮ ಗೋದಾಮೂ



ಬೆಳ್ಳಿ ಹಬ್ಬದ ಈ ಸ್ಮರಣ ಸಂಚಿಕೆಯಲ್ಲಿ ಸಂಘ ಹುಟ್ಟಿ ಬೆಳೆದ ಕಥೆ, ಷೇರು ಬಂಡವಾಳ, ಸಾಲ ವಸೂಲಿ ವಿಚಾರಗಳನ್ನು ಬಲ್ಲವರು ಬರೆದಿದ್ದಾರೆ. ಸಂಘದ ಗೋದಾಮಿನ ಉಸ್ತುವಾರಿ ನನ್ನ ಪಾಲಿಗೆ ಬಂದಿರುವುದರಿಂದ ನಾನು ಒಂದು ಬೆಂಕಿಯ ಇತಿಹಾಸ ಬರೆಯುತ್ತಿದ್ದೇನೆ. ಹಬ್ಬದ ಹೊತ್ತಿನಲ್ಲಿ ಬೆಂಕಿಯ ಮಾತು ಯಾಕೆ ಅಂತ ಬೇಸರ ಮಾಡಿಕೊಳ್ಳದೆ ಓದಬೇಕಾಗಿ ವಿನಂತಿ.

ಏಪ್ರಿಲ್ 14 ಅಂದರೆ ನಮಗೆಲ್ಲ ಅಂಬೇಡ್ಕರ್ ಜಯಂತಿ. ಅದೇ ದಿನ ದೇಶದ ತುಂಬ ಅಗ್ನಿಶಾಮಕ ಸೇವಾ ದಿನವನ್ನೂ ಆಚರಿಸುತ್ತಾರೆ. ಅಂದಿನಿಂದ 20ರ ತನಕ ಅಗ್ನಿಶಾಮಕ ಸಪ್ತಾಹ. ಆ ವಾರ ಠಾಣೆಯವರು ಶಾಲೆ ಕಾಲೇಜುಗಳಿಗೆ ಬಂದು ಬೆಂಕಿ ಆರಿಸುವುದನ್ನು ಮಾಡಿ ತೋರಿಸುತ್ತಾರೆ. ಈ ಕೆಲಸಕ್ಕೆ ಅದೇ ದಿನ ಯಾಕೆ ಅಂತ ಕೇಳಿದವರು ನಮ್ಮಲ್ಲಿ ಕಡಿಮೆ.

ಅದು 1944ನೇ ಇಸವಿ. ಎರಡನೇ ಮಹಾಯುದ್ಧದ ಕಾಲ. ನಮ್ಮ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದ ಸೀಮೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ನಮ್ಮ ಹಿರಿಯರಿಗೆ ರಾಜಧಾನಿ ಅಂದರೆ ಮುಂಬಯಿಯೇ. ಆ ಫೆಬ್ರವರಿಯಲ್ಲಿ ಇಂಗ್ಲೆಂಡಿನಿಂದ ಹೊರಟ ‘ಫೋರ್ಟ್ ಸ್ಟಿಕೀನ್’ ಎಂಬ ಸರಕಿನ ಹಡಗು ಕರಾಚಿಗೆ ಬಂದು, ಅಲ್ಲಿಂದ ಏಪ್ರಿಲ್ 12ರಂದು ಮುಂಬಯಿ ಸೇರಿ ವಿಕ್ಟೋರಿಯಾ ಡಾಕಿನಲ್ಲಿ ನಿಂತಿತು. ಅದರ ಹೊಟ್ಟೆಯಲ್ಲಿ ಸುಮಾರು 1,400 ಟನ್ ಮದ್ದುಗುಂಡು, ಯುದ್ಧವಿಮಾನಗಳು, ಪೆಟ್ಟಿಗೆಗಟ್ಟಲೆ ಚಿನ್ನದ ಗಟ್ಟಿ ಇದ್ದವು. ಕರಾಚಿಯಲ್ಲಿ ಅದರ ಮೇಲೆ ಸಾವಿರಾರು ಹತ್ತಿ ಅಂಡಿಗೆ, ಎಣ್ಣೆಯ ಪೀಪಾಯಿ, ಕಟ್ಟಿಗೆ, ಗುಜರಿ ಕಬ್ಬಿಣ ತುಂಬಿದರು. ಇಂಥ ಸರಕನ್ನು ಒಟ್ಟಿಗೆ ಹೇರುವುದು ಬೇಡ ಅಂತ ಹಡಗಿನ ಕಪ್ತಾನನೇ ತಕರಾರು ಎತ್ತಿದ್ದ. ಯುದ್ಧದ ಅವಸರದಲ್ಲಿ ಅವನ ಮಾತು ನಡೆಯಲಿಲ್ಲ. ಮದ್ದು ತುಂಬಿದ ಹಡಗು ಬಂದರಿನಲ್ಲಿ ಕೆಂಪು ಬಾವುಟ ಏರಿಸಬೇಕು ಅನ್ನುವುದು ನಿಯಮ. ಅದನ್ನೂ ಏರಿಸಿರಲಿಲ್ಲ.

14ರ ಮಧ್ಯಾಹ್ನ ಸುಮಾರು 2 ಗಂಟೆಗೆ ಹಡಗಿನ ಎರಡನೇ ಕೋಣೆಯಿಂದ ಹೊಗೆ ಕಂಡಿತು. ಹತ್ತಿಗೆ ಬೆಂಕಿ ಬಿದ್ದಿತ್ತು. ಮದ್ದು ಇದ್ದದ್ದೂ ಅದೇ ಕೋಣೆಯಲ್ಲಿ. ಮುಂಬಯಿ ಅಗ್ನಿಶಾಮಕ ದಳದ ಗಾಡಿಗಳು ಬಂದವು. ಹೊಗೆ ದಟ್ಟವಾಗಿದ್ದರಿಂದ ಬೆಂಕಿಯ ಮೂಲ ಕಾಣದು. ನಮ್ಮ ಹೊಲದ ಬಣವಿಗೆ ಒಳಗಿನಿಂದ ಬೆಂಕಿ ಹತ್ತಿದರೆ ಏನಾಗುತ್ತದೆ ಅಂತ ನಿಮಗೆ ಗೊತ್ತೇ ಇದೆ. ಮೇಲೆ ಕೊಡಗಟ್ಟಲೆ ನೀರು ಹೊಯ್ದರೂ ಒಳಗೆ ಅದು ಸುಡುತ್ತಲೇ ಇರುತ್ತದೆ, ಬಣವಿ ಬಿಚ್ಚಿ ಎಳೆದು ಹಾಕಬೇಕು. ಬಿಗಿದು ಕಟ್ಟಿದ ಹತ್ತಿ ಅಂಡಿಗೆಯೂ ಹಾಗೆಯೇ. ಆದರೆ ಉರಿಯುವ ಹಡಗಿನ ಹೊಟ್ಟೆಗೆ ಇಳಿದು ಅಂಡಿಗೆ ಎಳೆಯುವವರು ಯಾರು? 900 ಟನ್ನಿಗೂ ಮೇಲೆ ನೀರು ಹೊಡೆದರು. ಆ ನೀರೇ ಕುದಿಯತೊಡಗಿತು.

ಹಡಗನ್ನು ಇದ್ದಲ್ಲೇ ಮುಳುಗಿಸಬೇಕು ಅಂದರು ಒಬ್ಬರು. ಹೊರಗೆ ಸಮುದ್ರಕ್ಕೆ ಒಯ್ಯಬೇಕು ಅಂದರು ಇನ್ನೊಬ್ಬರು. ಬಂದರಿನವರು, ಸೈನ್ಯದವರು, ಹಡಗಿನವರು ಎಲ್ಲರೂ ಅಲ್ಲಿದ್ದರು. ಹೀಗೇ ಮಾಡಿ ಅಂತ ಹೇಳುವ ಯಜಮಾನ ಮಾತ್ರ ಒಬ್ಬನೂ ಇರಲಿಲ್ಲ. ಮಾತಿನಲ್ಲೇ ಹೊತ್ತು ಹೋಯಿತು. ಸುಮಾರು 3 ಗಂಟೆ 50 ನಿಮಿಷಕ್ಕೆ ಹಡಗು ಬಿಡಿರಿ ಅಂತ ಅಪ್ಪಣೆಯಾಯಿತು. 4 ಗಂಟೆ 6 ನಿಮಿಷಕ್ಕೆ ಹಡಗು ಸಿಡಿಯಿತು. ನೀರಿನ ಪೈಪು ಹಿಡಿದಿದ್ದವರು ಆಗಲೂ ಅಲ್ಲೇ ಇದ್ದರು. ಅರ್ಧ ತಾಸಿನೊಳಗೆ ಇನ್ನೊಂದು ಸ್ಫೋಟ, ಮೊದಲನೆಯದಕ್ಕಿಂತ ದೊಡ್ಡದು. ಸಾವಿರ ಮೈಲಿ ದೂರದ ಸಿಮ್ಲಾದಲ್ಲಿ ಭೂಕಂಪ ಅಳೆಯುವ ಯಂತ್ರ ಅದನ್ನು ಬರೆದುಕೊಂಡಿತು.

ಅಗ್ನಿಶಾಮಕ ದಳದ 66 ಮಂದಿ ಸತ್ತರು. ಒಟ್ಟು ಸತ್ತವರು ಸರ್ಕಾರಿ ಲೆಕ್ಕದಲ್ಲಿಯೇ 700ಕ್ಕೂ ಮೇಲೆ. ಅದು ಇನ್ನೂ ಬಹಳ ಹೆಚ್ಚು ಅನ್ನುವವರು ಇದ್ದಾರೆ. ಹತ್ತಾರು ಹಡಗು ಹಾಳಾದವು, ಸುಮಾರು 80,000 ಜನ ಮನೆ ಕಳೆದುಕೊಂಡರು. ಹಿಂದಿನ ವರ್ಷವಷ್ಟೇ ಬಂಗಾಲದಲ್ಲಿ ಬರದಿಂದ ಲಕ್ಷಾಂತರ ಜನ ಸತ್ತಿದ್ದರು. ಅಂಥ ಕಾಲದಲ್ಲಿ ಮುಂಬಯಿಯ ಉಗ್ರಾಣಗಳ 50,000 ಟನ್ನಿಗೂ ಮೇಲ್ಪಟ್ಟು ಕಾಳುಕಡಿ ನಾಶವಾಯಿತು. ಯುದ್ಧದ ಗುಟ್ಟು ಅಂತ ಬ್ರಿಟಿಷರು ಪತ್ರಿಕೆಗಳಿಗೆ ತಿಂಗಳತನಕ ಸುದ್ದಿ ಬರೆಯಗೊಡಲಿಲ್ಲ. ಹಡಗಿನ ಚಿನ್ನದ ಗಟ್ಟಿಗಳು ದೂರದ ಮನೆಗಳ ಮೇಲೆ ಬಿದ್ದವು. ಹೂಳೆತ್ತುವಾಗ ಸಿಕ್ಕ ಗಟ್ಟಿಗಳ ಕಥೆಯನ್ನು ಜನ ಬಹಳ ವರ್ಷ ಹೇಳಿದರು. ಪೈಪು ಹಿಡಿದು ನಿಂತವರ ಹೆಸರು ಹೇಳಿದವರು ಕಡಿಮೆ. ಮುಂಬಯಿಯ ಭಾಯಖಳಾದ ಅಗ್ನಿಶಾಮಕ ಕೇಂದ್ರದಲ್ಲಿ ಅವರ ಸ್ಮಾರಕವಿದೆ. ಪ್ರತಿ ವರ್ಷ ಹೂವಿಟ್ಟು ನಮಿಸುತ್ತಾರೆ.

ಇದು ಯುದ್ಧಕಾಲದ ಮಾತು, ಮುಗಿದು ಹೋಯಿತು ಅಂತ ತಿಳಿಯಬೇಡಿ. 2020ರ ಆಗಸ್ಟ್ 4ರಂದು ಲೆಬನಾನ್ ದೇಶದ ಬೈರೂತ್ ಬಂದರಿನ ಉಗ್ರಾಣಕ್ಕೆ ಬೆಂಕಿ ಬಿತ್ತು. ಅದರಲ್ಲಿ ಸುಮಾರು 2,750 ಟನ್ ಅಮೋನಿಯಂ ನೈಟ್ರೇಟ್ ವರ್ಷಗಟ್ಟಲೆ ಬಿದ್ದುಕೊಂಡಿತ್ತು. ಅನೇಕ ಅಧಿಕಾರಿಗಳಿಗೆ ಇದು ಗೊತ್ತಿತ್ತು. ಬೆಂಕಿ ಆರಿಸಲು ಓಡಿ ಬಂದ ತಂಡಕ್ಕೆ ಮಾತ್ರ ಯಾರೂ ಹೇಳಿರಲಿಲ್ಲ. ಅವರು ಉಗ್ರಾಣದ ಬಾಗಿಲು ಮುರಿಯುತ್ತಿದ್ದ ಫೋಟೋ ಉಳಿದಿದೆ. ಹತ್ತೂ ಜನ ಸತ್ತರು. ಅವರಲ್ಲಿ ಶುಶ್ರೂಷೆಯ ಒಬ್ಬ ಹೆಣ್ಣುಮಗಳೂ ಇದ್ದಳು. ಎರಡು ಬಂದರು, ನಡುವೆ 76 ವರ್ಷ. ಕೂಡಿಸಬಾರದ ಸರಕನ್ನು ಕೂಡಿಸಿದವರು, ಗೊತ್ತಿದ್ದೂ ಸುಮ್ಮನಿದ್ದವರು ಬೇರೆ. ಜೀವ ಕೊಟ್ಟವರು ಬೇರೆ.

ಇನ್ನು ನಮ್ಮ ಗೋದಾಮಿನ ಮಾತು. ನಾವು ಮಾರುವ ಯೂರಿಯಾ ಆ ಅಮೋನಿಯಂ ನೈಟ್ರೇಟ್ ಅಲ್ಲ, ಗಾಬರಿ ಬೇಡ. ಆದರೂ ನಮ್ಮಂಥ ಸಂಘಗಳ ಗೋದಾಮಿನಲ್ಲಿ ಏನೇನು ಇರುತ್ತದೆ ನೋಡಿರಿ: ಗೊಬ್ಬರ, ಬೀಜ, ಖಾಲಿ ಚೀಲ, ಗಂಧಕದ ಪುಡಿ, ಕ್ರಿಮಿನಾಶಕ. ಗಂಧಕ ಹತ್ತಿಕೊಂಡರೆ ಉಸಿರು ಕಟ್ಟಿಸುವ ಹೊಗೆ ಏಳುತ್ತದೆ. ಕಾಳು ಕೆಡದಂತೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಗೆ ನೀರು ತಾಗಿದರೆ ಜೀವ ತೆಗೆಯುವ ವಿಷಗಾಳಿ ಹುಟ್ಟುತ್ತದೆ. 101ಕ್ಕೋ 112ಕ್ಕೋ ಫೋನು ಮಾಡಿದ ಕೂಡಲೇ ಓಡಿ ಬರುವ ಹುಡುಗರು ಮೊದಲು ಹೊಡೆಯುವುದೇ ನೀರು. ಒಳಗೆ ಏನಿದೆ ಅಂತ ಅವರಿಗೆ ಹೇಳುವವರು ಯಾರು? ಅವರೂ ನಮ್ಮಂಥ ರೈತರ ಮಕ್ಕಳೇ.

ಆದ್ದರಿಂದ ಸರ್ವ ಸದಸ್ಯರಲ್ಲಿ ನನ್ನ ಸೂಚನೆ ಇಷ್ಟು. ಔಷಧಿಗೆ ಬೇರೆ ಕೋಣೆ, ಗೊಬ್ಬರಕ್ಕೆ ಬೇರೆ, ಚೀಲಕ್ಕೆ ಬೇರೆ ಇರಬೇಕು. ಡೀಸೆಲ್ ಕ್ಯಾನು ಗೋದಾಮಿನ ಹತ್ತಿರವೇ ಸುಳಿಯಬಾರದು. ಯಾವ ಕೋಣೆಯಲ್ಲಿ ಏನಿದೆ, ಬೀಗದ ಕೈ ಯಾರ ಬಳಿ ಇದೆ ಅಂತ ಬಾಗಿಲ ಹೊರಗೆ ದಪ್ಪ ಅಕ್ಷರದಲ್ಲಿ ಬರೆಯಿಸಿ, ಸರಕು ಬದಲಾದಂತೆ ಅದನ್ನೂ ಬದಲಿಸಬೇಕು. ಗೋದಾಮಿನ ದಾರಿಗೆ ಟ್ರ್ಯಾಕ್ಟರ್ ಟ್ರೇಲರ್ ಅಡ್ಡ ನಿಲ್ಲಿಸಬಾರದು. ಬೆಂಕಿ ಬಿದ್ದ ದಿನ ಯಾರ ಮಾತು ನಡೆಯಬೇಕು ಅಂತ ಇವತ್ತೇ ಒಬ್ಬರನ್ನು ಗೊತ್ತು ಮಾಡಿಡಬೇಕು. ಪ್ರತಿ ಏಪ್ರಿಲ್ 14ಕ್ಕೆ ತಾಲೂಕಿನ ಅಗ್ನಿಶಾಮಕ ಠಾಣೆಯವರನ್ನು ಕರೆದು, ಗೋದಾಮು ತೋರಿಸಿ, ಚಹಾ ಕೊಟ್ಟು ಕಳಿಸಬೇಕು.

ಇದಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ. ಬರುವ ವಾರ್ಷಿಕ ಮಹಾಸಭೆಯಲ್ಲಿ ಈ ಠರಾವು ತಂದಾಗ ಎಲ್ಲರೂ ಕೈ ಎತ್ತಬೇಕು ಎಂದು ಕೋರಿ, ಮುಂಬಯಿಯ ಆ 66 ಮಂದಿಗೂ ಬೈರೂತಿನ ಹತ್ತು ಜನರಿಗೂ ನಮ್ಮ ಸಂಘದ ಪರವಾಗಿ ಕೈ ಮುಗಿಯುತ್ತೇನೆ.