ಹತ್ತು ಪೌಂಡಿನ ಹುಲ್ಲುಮನೆ

ಇಂಗ್ಲೆಂಡಿನ ಪ್ರಾಚೀನ ಗೃಹಗಳೆಂದೊಡನೆ ಪ್ರಭುಗಳ ವಿಶಾಲ ಸೌಧಗಳು ಕಣ್ಣೆದುರಿಗೆ ನಿಲ್ಲುವುದು ಸಹಜ. ಆದರೆ ಆ ದೇಶದ ಐತಿಹಾಸಿಕ ಸ್ಥಳಗಳ ರಕ್ಷಣೆಗಾಗಿ 1895ರಲ್ಲಿ ಸ್ಥಾಪಿತವಾದ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯು ಮೊಟ್ಟಮೊದಲು ಕೊಂಡ ಕಟ್ಟಡವು ಸೌಧವೂ ಅಲ್ಲ, ಕೋಟೆಯೂ ಅಲ್ಲ. ಹುಲ್ಲು ಹೊದಿಸಿದ ಒಂದು ಹಳ್ಳಿಯ ಮನೆ. ಸಸೆಕ್ಸ್ ಪ್ರಾಂತದ ಆಲ್‌ಫ್ರಿಸ್ಟನ್ ಗ್ರಾಮದಲ್ಲಿ, ಕಕ್‌ಮಿಯರ್ ನದಿಯ ಬಳಿ, ಚರ್ಚಿನ ಮಗ್ಗುಲಲ್ಲಿರುವ ಈ ಮನೆಗೆ ‘ಪಾದ್ರಿಗಳ ಮನೆ’ ಎಂದು ಹೆಸರು. 1896ರಲ್ಲಿ ಇದಕ್ಕೆ ತೆತ್ತ ಬೆಲೆ 10 ಪೌಂಡು.

ಮನೆಯು 14ನೆಯ ಶತಮಾನದ್ದು. ಹೆಸರು ಪಾದ್ರಿಗಳದಾದರೂ ರಚನೆಯು ಆಗ್ನೇಯ ಇಂಗ್ಲೆಂಡಿನ ಅನುಕೂಲಸ್ಥ ರೈತರು ಕಟ್ಟಿಸುತ್ತಿದ್ದ ‘ವೀಲ್ಡನ್’ ಮಾದರಿಯದು. ಓಕ್ ಮರದ ತೊಲೆಕಂಬಗಳ ಚೌಕಟ್ಟೇ ಇಂಥ ಮನೆಯ ಅಸ್ಥಿಪಂಜರ. ನಡುವಣ ತೆರಪುಗಳನ್ನು ಹೆಣೆದ ಕಡ್ಡಿಗಳಿಂದಲೂ ಮಣ್ಣಿನ ಮೆತ್ತಿಗೆಯಿಂದಲೂ ಮುಚ್ಚುವುದು ವಾಡಿಕೆಯಾಗಿತ್ತು. ಮಧ್ಯದಲ್ಲಿ ನೆಲದಿಂದ ಮಾಡಿನವರೆಗೆ ಅಟ್ಟವಿಲ್ಲದ ಹಜಾರ. ಇಕ್ಕೆಲಗಳಲ್ಲಿ ಎರಡಂತಸ್ತಿನ ಕೊಠಡಿಗಳು. ಎಲ್ಲಕ್ಕೂ ಸೇರಿ ಒಂದೇ ಮಾಡು. ಇದು ಆ ಮಾದರಿಯ ಲಕ್ಷಣ. ಹಜಾರದ ನೆಲದ ಮೇಲೆಯೇ ಬೆಂಕಿ ಉರಿಯುತ್ತಿತ್ತು. ಹೊಗೆಗೂಡಿಲ್ಲದ ಕಾರಣ ಹೊಗೆಯು ಮೇಲೇರಿ ಮಾಡಿನ ಸಂದುಗಳಿಂದ ಹೊರಬೀಳುತ್ತಿತ್ತು. ಆಲ್‌ಫ್ರಿಸ್ಟನ್ನಿನ ಹಜಾರದ ನೆಲವಂತೂ ಸೀಮೆಸುಣ್ಣದ ಕಲ್ಲನ್ನು ಕುಟ್ಟಿ, ಹುಳಿತ ಹಾಲನ್ನು ಸೇರಿಸಿ ಗಟ್ಟಿಗೊಳಿಸಿದ್ದು.

ಹುಲ್ಲಿನ ಮಾಡಿನ ಕಡಿದಾದ ಇಳಿಜಾರು ಕೇವಲ ಅಲಂಕಾರಕ್ಕಾಗಿ ಬಂದುದಲ್ಲ. ನೀರು ಹುಲ್ಲಿನೊಳಗೆ ಇಂಗುವ ಮೊದಲೇ ಹರಿದುಹೋಗಬೇಕು. ಸೂರು ಮುಂದಕ್ಕೆ ಚಾಚಿಕೊಂಡಿರುವುದು ಮಣ್ಣಿನ ಗೋಡೆಗಳನ್ನು ಆ ನೀರಿನಿಂದ ಕಾಪಾಡುವುದಕ್ಕೆ. ದಪ್ಪನೆಯ ಹೊದಿಕೆಯು ಚಳಿಗಾಲದಲ್ಲಿ ಬೆಚ್ಚಗೆ, ಬೇಸಗೆಯಲ್ಲಿ ತಂಪು. ಅದರ ಪರಮ ಶತ್ರು ಬೆಂಕಿ. 1212ರಲ್ಲಿಯೇ ಲಂಡನ್ ನಗರವು ಹುಲ್ಲಿನ ಹೊದಿಕೆಯನ್ನು ನಿಷೇಧಿಸಿತು. ಹಳ್ಳಿಗಳಲ್ಲಿ ಮಾತ್ರ ಅದು ಉಳಿದುಬಂದಿತು.

19ನೆಯ ಶತಮಾನದ ಕೊನೆಯ ಹೊತ್ತಿಗೆ ಮನೆಯು ಶಿಥಿಲವಾಗಿ, ಕೆಡವುವ ನಿರ್ಧಾರವೂ ಆಗಿತ್ತು. ಗ್ರಾಮದ ಪಾದ್ರಿ ಬೇನನ್ ಎಂಬವರು ಇದನ್ನು ಸಹಿಸದೆ, 1877ರಲ್ಲಿ ವಿಲಿಯಂ ಮಾರಿಸ್ ಮೊದಲಾದವರು ಕಟ್ಟಿದ ಪ್ರಾಚೀನ ಕಟ್ಟಡಗಳ ರಕ್ಷಣಾ ಸಂಘಕ್ಕೆ ಮೊರೆಯಿಟ್ಟರು. ಟ್ರಸ್ಟಿನ ಸ್ಥಾಪಕರಲ್ಲೊಬ್ಬರಾದ ಆಕ್ಟೇವಿಯಾ ಹಿಲ್ ಹಣ ಕೂಡಿಸಲು ಶ್ರಮಿಸಿದರು. ಆಲ್‌ಫ್ರೆಡ್ ಪೊವೆಲ್ ಎಂಬ ವಾಸ್ತುಶಿಲ್ಪಿಯು ದುರಸ್ತಿಯ ಕಾರ್ಯವನ್ನು ನಡೆಸಿದರು.

ಕೊಂಡ ಮಾತ್ರಕ್ಕೆ ರಕ್ಷಣೆಯು ಮುಗಿಯಲಿಲ್ಲವೆಂಬುದೇ ಇಲ್ಲಿ ವಿಚಾರಾರ್ಹವಾದ ಸಂಗತಿ. ಕಲ್ಲು ಶತಮಾನಗಳವರೆಗೆ ಬಾಳುತ್ತದೆ. ಗೋದಿಹುಲ್ಲಿನ ಹೊದಿಕೆ ಕೆಲವು ದಶಕಗಳಲ್ಲಿ ಕೊಳೆಯುತ್ತದೆ. ಆದಕಾರಣ ಇಂಥ ಮಾಡಿನಲ್ಲಿ ನಿಜವಾಗಿ ಪ್ರಾಚೀನವಾದುದು ಹುಲ್ಲಲ್ಲ, ಹೊದಿಸುವವನ ಕೈಚಳಕ. ಯಂತ್ರದ ಕಟಾವೂ ಗಿಡ್ಡಕಾಂಡದ ಗೋದಿತಳಿಗಳೂ ಬಂದಮೇಲೆ 20ನೆಯ ಶತಮಾನದಲ್ಲಿ ಉದ್ದವಾದ ಹುಲ್ಲೇ ಅಪರೂಪವಾಯಿತು. ಮನೆ ಉಳಿಯಬೇಕಾದರೆ ಅದಕ್ಕೆ ತಕ್ಕ ಬೆಳೆಯೂ ಉಳಿಯಬೇಕು, ಆ ಕಸುಬನ್ನು ತಂದೆಯಿಂದ ಮಗ, ಗುರುವಿನಿಂದ ಶಿಷ್ಯ ಕಲಿಯುತ್ತಲೂ ಇರಬೇಕು. ಹತ್ತು ಪೌಂಡಿಗೆ ದೊರೆತುದು ಗೋಡೆ ಮಾಡುಗಳು ಮಾತ್ರ. ಉಳಿದುದನ್ನು ಪ್ರತಿಯೊಂದು ತಲೆಮಾರೂ ತನ್ನ ದುಡಿಮೆಯಿಂದಲೇ ಸಲ್ಲಿಸಬೇಕಾಗಿದೆ.